ಕೋಳಿಗಳ ಸ್ನಾಯುತಂತುಗಳ ವಿಧಗಳು ಮತ್ತು ಅವುಗಳ ವ್ಯತ್ಯಾಸಗಳು: ಶಿಕಾರಿಪುರ ಹಾಗೂ ಸೊರಬ ತಾಲ್ಲೂಕುಗಳ ಸಾಕಾಣಿಕೆದಾರರು ಮತ್ತು ಗ್ರಾಹಕರಿಗೆ ಮಾಹಿತಿ

ಪೀಠಿಕೆ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ ಭತ್ತ, ಗೋವಿನಜೋಳ ಮತ್ತು ಅಡಿಕೆ ಬೇಸಾಯದ ಜೊತೆಯಲ್ಲಿ ಹಿತ್ತಲ ಕೋಳಿ ಸಾಕಾಣಿಕೆಯು ಹಿಂದಿನಿಂದಲೂ ನಡೆದು ಬಂದಿರುತ್ತದೆ. ಇತ್ತೀಚಿನ ದಶಕಗಳಲ್ಲಿ ಮಾಂಸಕ್ಕಾಗಿಯೇ ಸಾಕುವ ಫಾರಂ ಕೋಳಿಗಳ ಶೆಡ್ಡುಗಳೂ ಸ್ಥಾಪನೆಯಾಗಿರುತ್ತವೆ. ಕೋಳಿಯ ಎದೆ ಮಾಂಸ ಬಿಳಿಯಾಗಿಯೂ ಕಾಲಿನ ಮಾಂಸ ಕೆಂಪಾಗಿಯೂ ಇರುವುದು ಏಕೆ, ಎದೆಯಲ್ಲಿ ಬಿಳಿ ಗೆರೆಗಳು ಕಂಡುಬಂದರೆ ಅದು ರೋಗವೇ, ಮಾಂಸ ಕಪ್ಪಗಿದ್ದರೆ ನಾಟಿ ಕೋಳಿ ಎಂದು ನಂಬಬಹುದೇ ಎಂಬ ಪ್ರಶ್ನೆಗಳು ಸಾಕಾಣಿಕೆದಾರರಲ್ಲಿಯೂ ಗ್ರಾಹಕರಲ್ಲಿಯೂ ಸಾಮಾನ್ಯವಾಗಿರುತ್ತವೆ.

ಈ ಪ್ರಶ್ನೆಗಳಿಗೆ ಉತ್ತರವು ಬಹುಮಟ್ಟಿಗೆ ಕೋಳಿಯ ಸ್ನಾಯುತಂತುಗಳ ವಿಧಗಳಲ್ಲಿ ಅಡಗಿರುತ್ತದೆ. ಇದನ್ನು ತಿಳಿಯದಿದ್ದಲ್ಲಿ ಎರಡು ಬಗೆಯ ನಷ್ಟ ಸಂಭವಿಸುತ್ತದೆ. ಒಂದು, ಯಾವ ದೋಷವೂ ಇಲ್ಲದ ಮಾಂಸವನ್ನು ರೋಗದ ಭಯದಿಂದ ಎಸೆಯುವುದು. ಎರಡು, ನಿಜವಾದ ರೋಗ ಅಥವಾ ವಿಷಬಾಧೆಯ ಚಿಹ್ನೆಯನ್ನು ಕಡೆಗಣಿಸಿ, ಪಶುವೈದ್ಯರಿಗೆ ತಿಳಿಸುವಷ್ಟರಲ್ಲಿ ಇಡೀ ಹಿಂಡನ್ನು ಕಳೆದುಕೊಳ್ಳುವುದು. ಈ ಎರಡನ್ನೂ ತಪ್ಪಿಸುವ ಉದ್ದೇಶದಿಂದ ಈ ಮಾಹಿತಿಯನ್ನು ಸಾರ್ವಜನಿಕರಿಗೆ ಒದಗಿಸಲಾಗಿದೆ.

1. ಸ್ನಾಯುತಂತು ಎಂದರೇನು?

ನಾವು ಮಾಂಸವೆಂದು ಕರೆಯುವ ಭಾಗವು ಮುಖ್ಯವಾಗಿ ಸ್ನಾಯುವಾಗಿರುತ್ತದೆ. ಪ್ರತಿಯೊಂದು ಸ್ನಾಯುವೂ ಬರಿಗಣ್ಣಿಗೆ ಸುಲಭವಾಗಿ ಕಾಣದಷ್ಟು ತೆಳುವಾದ ಸಾವಿರಾರು ಎಳೆಗಳ ಕಟ್ಟಾಗಿರುತ್ತದೆ. ಈ ಎಳೆಗಳನ್ನೇ ಸ್ನಾಯುತಂತುಗಳೆಂದು ಕರೆಯಲಾಗುತ್ತದೆ. ಬೇಯಿಸಿದ ಕೋಳಿಯ ಎದೆ ಮಾಂಸವನ್ನು ಬೆರಳಿನಿಂದ ಬಿಡಿಸಿದಾಗ ಕಾಣುವ ಎಳೆಗಳು ಇಂತಹ ಅನೇಕ ತಂತುಗಳ ಸಣ್ಣ ಕಟ್ಟುಗಳಾಗಿರುತ್ತವೆ.

ಎಲ್ಲಾ ಸ್ನಾಯುತಂತುಗಳ ಕೆಲಸವೂ ಸಂಕೋಚನವೇ ಆಗಿದ್ದರೂ, ಅವು ಸಂಕುಚಿತಗೊಳ್ಳುವ ವೇಗ ಮತ್ತು ಅದಕ್ಕೆ ಬೇಕಾದ ಶಕ್ತಿಯನ್ನು ಪಡೆಯುವ ವಿಧಾನ ಬೇರೆ ಬೇರೆಯಾಗಿರುತ್ತದೆ. ಸ್ನಾಯುವಿನ ಬಣ್ಣಕ್ಕೂ ಅದರ ವೇಗಕ್ಕೂ ಸಂಬಂಧವಿರುವುದನ್ನು ಫ್ರಾನ್ಸ್ ದೇಶದ ವಿಜ್ಞಾನಿ ಲೂಯಿ ರಾನ್ವಿಯೆ ಅವರು 1873ರಲ್ಲಿ ತೋರಿಸಿದರು. 1970ರ ಸುಮಾರಿಗೆ ಸ್ನಾಯುವಿನ ತೆಳುವಾದ ಹೋಳುಗಳಿಗೆ ರಾಸಾಯನಿಕ ಬಣ್ಣ ಕಟ್ಟಿ ತಂತುಗಳನ್ನು ವಿಂಗಡಿಸುವ ಪದ್ಧತಿ ರೂಢಿಗೆ ಬಂದಿತು. ಇಂದಿಗೂ ಅದೇ ವಿಂಗಡಣೆಯು ಆಧಾರವಾಗಿರುತ್ತದೆ.

2. ಸ್ನಾಯುತಂತುಗಳ ಮುಖ್ಯ ವಿಧಗಳು

ಕೋಳಿಗಳಲ್ಲಿ ಕಂಡುಬರುವ ತಂತುಗಳನ್ನು ಈ ಕೆಳಕಂಡಂತೆ ಮೂರು ಮುಖ್ಯ ವಿಧಗಳಾಗಿ ವಿಂಗಡಿಸಬಹುದಾಗಿದೆ.

ಅ) ಒಂದನೇ ವಿಧ (ನಿಧಾನಗತಿಯ ಕೆಂಪು ತಂತು): ಇವು ನಿಧಾನವಾಗಿ ಸಂಕುಚಿತಗೊಂಡು, ದಣಿಯದೆ ಬಹಳ ಹೊತ್ತು ಕೆಲಸ ಮಾಡುತ್ತವೆ. ಆಮ್ಲಜನಕವನ್ನು ಬಳಸಿಕೊಂಡು, ಮುಖ್ಯವಾಗಿ ಕೊಬ್ಬನ್ನು ಉರಿಸಿ ಶಕ್ತಿ ಪಡೆಯುತ್ತವೆ. ಆಮ್ಲಜನಕವನ್ನು ಹಿಡಿದಿಡುವ ಮಯೋಗ್ಲೋಬಿನ್ ಎಂಬ ಕಬ್ಬಿಣಯುಕ್ತ ಕೆಂಪು ವರ್ಣಕವು ಇವುಗಳಲ್ಲಿ ಹೆಚ್ಚಾಗಿರುತ್ತದೆ. ತಂತುಗಳು ತೆಳುವಾಗಿದ್ದು, ಸುತ್ತಲೂ ರಕ್ತನಾಳಗಳು ದಟ್ಟವಾಗಿರುತ್ತವೆ.

ಆ) ಎರಡನೇ ‘ಎ’ ವಿಧ (ವೇಗದ ಕೆಂಪು ತಂತು): ಇವು ವೇಗವಾಗಿ ಸಂಕುಚಿತಗೊಳ್ಳುವುದರ ಜೊತೆಗೆ ಸಾಕಷ್ಟು ಹೊತ್ತು ಕೆಲಸವನ್ನೂ ಮಾಡಬಲ್ಲವು. ಆಮ್ಲಜನಕ ಬಳಸುವ ಮತ್ತು ಬಳಸದಿರುವ ಎರಡೂ ಮಾರ್ಗಗಳಿಂದ ಶಕ್ತಿ ಪಡೆಯುತ್ತವೆ.

ಇ) ಎರಡನೇ ‘ಬಿ’ ವಿಧ (ವೇಗದ ಬಿಳಿ ತಂತು): ಇವು ಅತಿ ವೇಗವಾಗಿ, ಬಲವಾಗಿ ಸಂಕುಚಿತಗೊಂಡು ಬೇಗನೆ ದಣಿಯುತ್ತವೆ. ಸ್ನಾಯುವಿನೊಳಗೆ ಸಂಗ್ರಹವಾಗಿರುವ ಗ್ಲೈಕೋಜನ್ ಎಂಬ ಶರ್ಕರವನ್ನು ಆಮ್ಲಜನಕದ ನೆರವಿಲ್ಲದೆ ಒಡೆದು ಶಕ್ತಿ ಪಡೆಯುತ್ತವೆ. ಮಯೋಗ್ಲೋಬಿನ್ ಮತ್ತು ಕೊಬ್ಬು ಕಡಿಮೆ ಇದ್ದು, ತಂತುಗಳು ದಪ್ಪವಾಗಿರುತ್ತವೆ.

ಇವುಗಳಲ್ಲದೆ, ಒಂದೇ ಭಂಗಿಯನ್ನು ಸತತವಾಗಿ ಹಿಡಿದಿಡುವ ವಿಶೇಷ ನಿಧಾನ ತಂತುಗಳೂ ಹಕ್ಕಿಗಳಲ್ಲಿ ಇರುತ್ತವೆ. ಕೋಳಿಯ ಹೆಗಲಿನ ಹಿಂಭಾಗದಲ್ಲಿ, ರೆಕ್ಕೆಯನ್ನು ಮಡಚಿ ಹಿಡಿಯಲು ನೆರವಾಗುವ ಚಿಕ್ಕ ಸ್ನಾಯುವು ಇದಕ್ಕೆ ಉದಾಹರಣೆಯಾಗಿದೆ.

3. ದೇಹದ ಭಾಗವಾರು ವ್ಯತ್ಯಾಸ

ಕೋಳಿಯು ಹಗಲೆಲ್ಲ ನೆಲದ ಮೇಲೆ ನಡೆದಾಡುತ್ತದೆ, ಕೆದಕುತ್ತದೆ, ನಿಂತಿರುತ್ತದೆ. ಆದುದರಿಂದ ತೊಡೆ ಮತ್ತು ಕಾಲಿನ ಸ್ನಾಯುಗಳಲ್ಲಿ ಕೆಂಪು ತಂತುಗಳ ಪ್ರಮಾಣ ಹೆಚ್ಚಾಗಿದ್ದು, ಮೂರೂ ವಿಧಗಳು ಬೆರೆತಿರುತ್ತವೆ. ಕಾಲಿನ ಒಂದೇ ಸ್ನಾಯುವಿನಲ್ಲಿಯೂ ಮೂಳೆಗೆ ಹತ್ತಿರವಿರುವ ಒಳಭಾಗ ಹೆಚ್ಚು ಕೆಂಪಾಗಿಯೂ ಹೊರಭಾಗ ತುಸು ಬಿಳಿಯಾಗಿಯೂ ಇರುವುದು ಸಹಜ.

ಎದೆಯ ಸ್ನಾಯುಗಳು ರೆಕ್ಕೆ ಬಡಿಯುವುದಕ್ಕಾಗಿ ಇರುತ್ತವೆ. ನಾಯಿ ಅಥವಾ ಮುಂಗುಸಿ ಅಟ್ಟಿಸಿಕೊಂಡು ಬಂದಾಗ ಕೋಳಿಯು ಒಮ್ಮೆಲೇ ಹಾರಿ ಬೇಲಿ ದಾಟುತ್ತದೆಯೇ ಹೊರತು ದೂರ ಹಾರಲಾರದು. ಕೆಲವೇ ಕ್ಷಣಗಳ ಈ ಬಲಪ್ರಯೋಗಕ್ಕೆ ಎರಡನೇ ‘ಬಿ’ ವಿಧದ ತಂತುಗಳು ತಕ್ಕವಾಗಿರುತ್ತವೆ. ಫಾರಂ ಕೋಳಿಯ ಎದೆಯ ದೊಡ್ಡ ಸ್ನಾಯುವು ಬಹುತೇಕ ಪೂರ್ಣವಾಗಿ ಇದೇ ವಿಧದ ತಂತುಗಳಿಂದ ಕೂಡಿರುತ್ತದೆ.

ಎಂಟು ವಾರದ ಕೋಳಿಯ ಬಿಳಿ ಮಾಂಸದಲ್ಲಿ ಪ್ರತಿ ಗ್ರಾಂಗೆ ಸುಮಾರು 0.01 ಮಿ.ಗ್ರಾಂ. ಮಯೋಗ್ಲೋಬಿನ್ ಇದ್ದರೆ, ಅದೇ ಕೋಳಿಯ ಕೆಂಪು ಮಾಂಸದಲ್ಲಿ ಸುಮಾರು 0.40 ಮಿ.ಗ್ರಾಂ. ಇರುತ್ತದೆ. ಅಂದರೆ ಒಂದೇ ಕೋಳಿಯಲ್ಲಿ ಸುಮಾರು 40 ಪಟ್ಟು ವ್ಯತ್ಯಾಸವಿರುತ್ತದೆ. ಈ ಬಣ್ಣವು ರಕ್ತದ ಬಣ್ಣವಲ್ಲ. ಸರಿಯಾಗಿ ರಕ್ತ ಸೋರಿಸಿದ ಕೋಳಿಯಲ್ಲಿ ಉಳಿಯುವ ಕೆಂಪು ಮುಖ್ಯವಾಗಿ ಮಯೋಗ್ಲೋಬಿನ್‌ನಿಂದ ಬಂದುದಾಗಿರುತ್ತದೆ.

4. ಇತರೆ ಹಕ್ಕಿಗಳೊಂದಿಗೆ ಹೋಲಿಕೆ

ಸೊರಬ ತಾಲ್ಲೂಕಿನ ಗುಡವಿ ಪಕ್ಷಿಧಾಮಕ್ಕೆ ಬರುವ ಬೆಳ್ಳಕ್ಕಿ, ಕೆಂಬರಲು ಮುಂತಾದ ನೀರುಹಕ್ಕಿಗಳು ಗೂಡಿನಿಂದ ಕೆರೆ ಗದ್ದೆಗಳಿಗೆ ದಿನವೂ ಹಾರಿ ಮರಳುತ್ತವೆ. ಹೀಗೆ ಸತತವಾಗಿ ಹಾರುವ ಹಕ್ಕಿಗಳ ಎದೆಯಲ್ಲಿ ವೇಗದ ಕೆಂಪು ತಂತುಗಳು ಪ್ರಧಾನವಾಗಿರುತ್ತವೆ. ಕೋಳಿಗೆ ಎದೆ ಬಿಳಿ, ಕಾಲು ಕೆಂಪು ಎಂಬ ನಿಯಮವು ಎಲ್ಲಾ ಹಕ್ಕಿಗಳಿಗೂ ಅನ್ವಯಿಸುವುದಿಲ್ಲವೆಂಬುದನ್ನು ಗಮನಿಸತಕ್ಕದ್ದು.

ಪಾರಿವಾಳದ ಎದೆಯಲ್ಲಿ ತೆಳುವಾದ ಕೆಂಪು ತಂತುಗಳೂ ದಪ್ಪನೆಯ ಬಿಳಿ ತಂತುಗಳೂ ಒಟ್ಟಿಗೆ ಇರುತ್ತವೆ. ಕೆಂಪು ತಂತುಗಳಲ್ಲಿ ಕೊಬ್ಬು, ಬಿಳಿ ತಂತುಗಳಲ್ಲಿ ಗ್ಲೈಕೋಜನ್ ಮುಖ್ಯ ಇಂಧನವಾಗಿರುವುದನ್ನು 1950ರ ದಶಕದಲ್ಲಿ ಬರೋಡದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಪ್ರೊ. ಜೆ.ಸಿ. ಜಾರ್ಜ್ ಮತ್ತು ಅವರ ಸಂಗಡಿಗರು ತೋರಿಸಿಕೊಟ್ಟರು. ಹಕ್ಕಿಗಳ ಸ್ನಾಯುಗಳನ್ನು ಕುರಿತು ಅವರು ಎ.ಜೆ. ಬರ್ಗರ್ ಅವರೊಂದಿಗೆ ಬರೆದ ಗ್ರಂಥವು 1966ರಲ್ಲಿ ಪ್ರಕಟವಾಯಿತು.

ಸಾಕು ಹಕ್ಕಿಗಳ ಪೈಕಿ ಬಾತುಕೋಳಿ ಮತ್ತು ಗೌಜಲಹಕ್ಕಿಯ ಎದೆ ಮಾಂಸವು ಕೆಂಪಾಗಿರುತ್ತದೆ. ಇದು ಸಹಜವಾಗಿದ್ದು, ಮಾಂಸ ಕೆಟ್ಟಿರುವುದರ ಚಿಹ್ನೆಯಲ್ಲ. ಟರ್ಕಿ ಕೋಳಿಯು ಊರ ಕೋಳಿಯಂತೆಯೇ ಬಿಳಿ ಎದೆಯನ್ನು ಹೊಂದಿರುತ್ತದೆ.

ಕಾಡಂಚಿನ ಗ್ರಾಮಗಳಲ್ಲಿ ಕಂಡುಬರುವ ಕಾಡುಕೋಳಿಯು ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರಡಿ ಸಂರಕ್ಷಿತ ಹಕ್ಕಿಯಾಗಿರುತ್ತದೆ. ಅದನ್ನು ಬೇಟೆಯಾಡುವುದು, ಹಿಡಿಯುವುದು ಅಥವಾ ಅದರ ಮಾಂಸವನ್ನು ಮಾರುವುದು ಶಿಕ್ಷಾರ್ಹ ಅಪರಾಧವಾಗಿರುತ್ತದೆ.

5. ತಳಿ ಮತ್ತು ವಯಸ್ಸಿನಿಂದ ಉಂಟಾಗುವ ವ್ಯತ್ಯಾಸ

ನಾಟಿ ಕೋಳಿ ಮತ್ತು ಫಾರಂ ಕೋಳಿಗಳ ತಂತುಗಳ ವಿಧ ಬೇರೆಯೆಂಬ ಅಭಿಪ್ರಾಯವು ಜನರಲ್ಲಿ ವ್ಯಾಪಕವಾಗಿರುತ್ತದೆ. ವಾಸ್ತವದಲ್ಲಿ ಎರಡರಲ್ಲಿಯೂ ಎದೆಯಲ್ಲಿ ಬಿಳಿ ತಂತುಗಳೇ ಪ್ರಧಾನವಾಗಿದ್ದು, ಕಾಲಿನಲ್ಲಿ ವಿಧಗಳು ಬೆರೆತಿರುತ್ತವೆ. ಮುಖ್ಯ ವ್ಯತ್ಯಾಸವು ತಂತುಗಳ ದಪ್ಪ, ಕೋಳಿಯ ವಯಸ್ಸು ಮತ್ತು ಓಡಾಟದಲ್ಲಿರುತ್ತದೆ.

ಕೋಳಿಮರಿಯು 21 ದಿನ ಕಾವು ಪಡೆದು ಮೊಟ್ಟೆಯಿಂದ ಹೊರಬರುವ ವೇಳೆಗೆ ಅದರ ಸ್ನಾಯುತಂತುಗಳ ಸಂಖ್ಯೆಯು ಬಹುತೇಕ ನಿಗದಿಯಾಗಿರುತ್ತದೆ. ಅನಂತರದ ಬೆಳವಣಿಗೆಯೆಲ್ಲವೂ ಇರುವ ತಂತುಗಳೇ ಉದ್ದ ಮತ್ತು ದಪ್ಪವಾಗುವುದರಿಂದ ಆಗುತ್ತದೆ. ಈ ದಪ್ಪವಾಗುವಿಕೆಯನ್ನು ತಳಿ ಅಭಿವೃದ್ಧಿಯು ಎಷ್ಟರಮಟ್ಟಿಗೆ ಹೆಚ್ಚಿಸಿದೆ ಎಂಬುದಕ್ಕೆ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯವು 2014ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೋಡಬಹುದಾಗಿದೆ. ಮೂರು ಕಾಲದ ಮಾಂಸದ ತಳಿಗಳನ್ನು ಒಂದೇ ಬಗೆಯ ಆಹಾರ ನೀಡಿ ಸಾಕಿದಾಗ 56ನೇ ದಿನದ ಸರಾಸರಿ ತೂಕವು ಈ ಕೆಳಕಂಡಂತೆ ಇದ್ದಿತು.

1957ರ ತಳಿ: 905 ಗ್ರಾಂ
1978ರ ತಳಿ: 1,808 ಗ್ರಾಂ
2005ರ ತಳಿ: 4,202 ಗ್ರಾಂ

ವಯಸ್ಸು ಹೆಚ್ಚಿದಂತೆ ಮಯೋಗ್ಲೋಬಿನ್ ಹೆಚ್ಚುತ್ತದೆ. 26 ವಾರದ ಹುಂಜದ ಕೆಂಪು ಮಾಂಸದಲ್ಲಿ ಪ್ರತಿ ಗ್ರಾಂಗೆ ಸುಮಾರು 1.50 ಮಿ.ಗ್ರಾಂ. ಇರುತ್ತದೆ, ಇದು ಎಂಟು ವಾರದ ಕೋಳಿಯಲ್ಲಿರುವುದರ ಮೂರು ಪಟ್ಟಿಗಿಂತ ಹೆಚ್ಚು. ಫಾರಂ ಕೋಳಿಯನ್ನು ಸಾಮಾನ್ಯವಾಗಿ ಆರು ವಾರಗಳ ಆಸುಪಾಸಿನಲ್ಲಿಯೇ ಮಾರಲಾಗುತ್ತದೆ. ನಾಟಿ ಕೋಳಿಯು ಮಾರಾಟಕ್ಕೆ ಬರಲು ಹಲವು ತಿಂಗಳು ಬೇಕಾಗುತ್ತದೆ. ನಾಟಿ ಕೋಳಿಯ ಕಾಲಿನ ಮಾಂಸ ಕಡುಗೆಂಪಾಗಿ ಕಾಣುವುದಕ್ಕೆ ಈ ವಯಸ್ಸು ಮತ್ತು ಬಯಲಿನ ಓಡಾಟವೇ ಕಾರಣವಾಗಿರುತ್ತದೆ. ಅದು ಗಟ್ಟಿಯಾಗಿರುವುದಕ್ಕೆ ತಂತುಗಳ ನಡುವಿನ ಜೋಡಣಾ ಅಂಗಾಂಶವು ವಯಸ್ಸಿನೊಂದಿಗೆ ಬಲಿತಿರುವುದು ಕಾರಣ. ಆದುದರಿಂದಲೇ ಅದನ್ನು ಹೆಚ್ಚು ಹೊತ್ತು ಬೇಯಿಸಬೇಕಾಗುತ್ತದೆ.

ಹಿತ್ತಲ ಸಾಕಾಣಿಕೆಗಾಗಿ ಅಭಿವೃದ್ಧಿಪಡಿಸಿದ ತಳಿಗಳಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಗಿರಿರಾಜ (1989) ಹಾಗೂ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಸ್ವರ್ಣಧಾರ (2005) ಮುಖ್ಯವಾದವು. ಇವು ನಾಟಿ ಕೋಳಿಗಿಂತ ಬೇಗ ತೂಕ ಬರುತ್ತವೆ, ಫಾರಂ ಕೋಳಿಗಿಂತ ನಿಧಾನವಾಗಿ ಬೆಳೆಯುತ್ತವೆ ಮತ್ತು ಬಯಲಿನಲ್ಲಿ ಮೇಯುತ್ತವೆ. ಇವುಗಳ ಮಾಂಸದ ಬಣ್ಣ ಮತ್ತು ಗಟ್ಟಿತನವೂ ಅವೆರಡರ ನಡುವೆ ಇರುತ್ತದೆ.

ಮಧ್ಯಪ್ರದೇಶದ ಝಾಬುವಾ ಪ್ರದೇಶದ ಕಡಕ್‌ನಾಥ್ ಕೋಳಿಯು (2018ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದುದು) ಕಪ್ಪು ಮಾಂಸ ಹೊಂದಿರುತ್ತದೆ. ಈ ಕಪ್ಪು ಬಣ್ಣವು ಮೆಲನಿನ್ ಎಂಬ ಬೇರೆ ವರ್ಣಕದಿಂದ ಉಂಟಾಗುತ್ತದೆ. ಸ್ನಾಯುತಂತುಗಳ ವಿಧಕ್ಕೂ ಅದಕ್ಕೂ ಸಂಬಂಧವಿರುವುದಿಲ್ಲ. ಅದೇ ರೀತಿ, ಗೋವಿನಜೋಳ ತಿಂದ ಕೋಳಿಯ ಚರ್ಮ ಮತ್ತು ಕೊಬ್ಬು ಹಳದಿಯಾಗುವುದು ಜೋಳದಲ್ಲಿರುವ ವರ್ಣಕದಿಂದಲೇ ಹೊರತು ಸ್ನಾಯುವಿನಿಂದಲ್ಲ.

6. ಪೌಷ್ಟಿಕಾಂಶದ ವ್ಯತ್ಯಾಸ

ಚರ್ಮ ತೆಗೆದ 100 ಗ್ರಾಂ ಹಸಿ ಮಾಂಸದಲ್ಲಿ ಇರುವ ಅಂಶಗಳ ಅಂದಾಜು ಪ್ರಮಾಣವು ಈ ಕೆಳಕಂಡಂತಿರುತ್ತದೆ.

ಪ್ರೋಟೀನು: ಬಿಳಿ ಮಾಂಸ 23 ಗ್ರಾಂ, ಕೆಂಪು ಮಾಂಸ 20 ಗ್ರಾಂ
ಕೊಬ್ಬು: ಬಿಳಿ ಮಾಂಸ 1.7 ಗ್ರಾಂ, ಕೆಂಪು ಮಾಂಸ 4.3 ಗ್ರಾಂ
ಕಬ್ಬಿಣ: ಬಿಳಿ ಮಾಂಸ 0.7 ಮಿ.ಗ್ರಾಂ., ಕೆಂಪು ಮಾಂಸ 1.0 ಮಿ.ಗ್ರಾಂ.
ಸತು: ಬಿಳಿ ಮಾಂಸ 1 ಮಿ.ಗ್ರಾಂ., ಕೆಂಪು ಮಾಂಸ 2 ಮಿ.ಗ್ರಾಂ.

ಎರಡೂ ಉತ್ತಮ ಆಹಾರವೇ ಆಗಿರುತ್ತವೆ. ಕೊಬ್ಬು ಕಡಿಮೆ ಬೇಕಾದವರಿಗೆ ಎದೆ ಮಾಂಸವೂ, ಕಬ್ಬಿಣ ಮತ್ತು ಸತುವಿನ ದೃಷ್ಟಿಯಿಂದ ಕಾಲು ಹಾಗೂ ತೊಡೆಯ ಮಾಂಸವೂ ಅನುಕೂಲಕರ.

7. ವಧೆಯ ನಂತರ ಆಗುವ ಬದಲಾವಣೆಗಳು

ಕೋಳಿಯನ್ನು ಕೊಯ್ದ ನಂತರವೂ ಸ್ನಾಯುವಿನಲ್ಲಿ ಉಳಿದಿರುವ ಗ್ಲೈಕೋಜನ್ ಒಡೆದು ಲ್ಯಾಕ್ಟಿಕ್ ಆಮ್ಲವಾಗುತ್ತದೆ. ಬಿಳಿ ತಂತುಗಳಲ್ಲಿ ಗ್ಲೈಕೋಜನ್ ಹೆಚ್ಚಾಗಿರುವುದರಿಂದ ಎದೆ ಮಾಂಸವು ಹೆಚ್ಚು ಆಮ್ಲೀಯವಾಗುತ್ತದೆ, ಅದರ ರಸಸಾರವು (ಪಿ.ಎಚ್.) ಸುಮಾರು 5.8ಕ್ಕೆ ಇಳಿಯುತ್ತದೆ. ಕಾಲಿನ ಮಾಂಸದಲ್ಲಿ ಇದು 6.2ಕ್ಕಿಂತ ಮೇಲೆಯೇ ಉಳಿಯುವುದು ಸಾಮಾನ್ಯ. ಆಮ್ಲೀಯತೆ ಕಡಿಮೆ ಇರುವ ಕಡೆ ಸೂಕ್ಷ್ಮಜೀವಿಗಳು ಬೇಗ ಬೆಳೆಯುವುದರಿಂದ, ತಂಪಿನಲ್ಲಿಡದಿದ್ದರೆ ಕಾಲಿನ ಮಾಂಸವು ಎದೆ ಮಾಂಸಕ್ಕಿಂತ ಬೇಗ ಕೆಡುತ್ತದೆ.

ಬೇಸಿಗೆಯಲ್ಲಿ ಬುಟ್ಟಿಗಳಲ್ಲಿ ಕಿಕ್ಕಿರಿದು ತುಂಬಿ ತಂದ, ಕೊಯ್ಯುವ ಮುನ್ನ ತೀವ್ರವಾಗಿ ಒದ್ದಾಡಿದ ಕೋಳಿಯ ಎದೆ ಮಾಂಸವು ಬಿಳಿಚಿಕೊಂಡು, ಮೆತ್ತಗಾಗಿ, ನೀರು ಬಿಡುತ್ತದೆ. ದೇಹ ಇನ್ನೂ ಬಿಸಿಯಾಗಿರುವಾಗಲೇ ಆಮ್ಲ ಬೇಗ ಉತ್ಪತ್ತಿಯಾಗುವುದು ಇದಕ್ಕೆ ಕಾರಣ. ಇದಕ್ಕೆ ವಿರುದ್ಧವಾಗಿ, ದೂರದ ಸಾಗಾಣಿಕೆಯಿಂದ ದಣಿದು ಗ್ಲೈಕೋಜನ್ ಮುಗಿದುಹೋದ ಕೋಳಿಯ ಮಾಂಸವು ಕಡು ಬಣ್ಣಕ್ಕೆ ತಿರುಗಿ ಬೇಗ ಕೆಡುತ್ತದೆ. ತಂಪು ಹೊತ್ತಿನಲ್ಲಿ ಸಾಗಿಸುವುದು, ಗಾಳಿಯಾಡುವ ಬುಟ್ಟಿಗಳನ್ನು ಬಳಸುವುದು ಮತ್ತು ಕೊಯ್ಯುವ ಮುನ್ನ ಸ್ವಲ್ಪ ಹೊತ್ತು ನೆರಳಿನಲ್ಲಿ ಸುಧಾರಿಸಿಕೊಳ್ಳಲು ಬಿಡುವುದರಿಂದ ಈ ಎರಡೂ ನಷ್ಟಗಳನ್ನು ತಗ್ಗಿಸಬಹುದಾಗಿದೆ.

8. ರೋಗವಲ್ಲದ ಅಥವಾ ಸೋಂಕಿನಿಂದ ಬಾರದ ಸ್ನಾಯು ದೋಷಗಳು

(ಅ) ಎದೆಯ ಬಿಳಿ ಗೆರೆಗಳು: ವೇಗವಾಗಿ ಬೆಳೆದ, ಹೆಚ್ಚು ತೂಕದ ಫಾರಂ ಕೋಳಿಗಳ ಎದೆ ಮಾಂಸದಲ್ಲಿ ತಂತುಗಳ ಉದ್ದಕ್ಕೂ ಬಿಳಿ ಗೆರೆಗಳು ಕಾಣಿಸಿಕೊಳ್ಳುತ್ತವೆ. ತಂತುಗಳು ದಪ್ಪವಾದಷ್ಟು ರಕ್ತನಾಳಗಳು ಬೆಳೆಯದಿರುವುದರಿಂದ ಕೆಲವು ತಂತುಗಳು ಹಾಳಾಗಿ, ಆ ಜಾಗದಲ್ಲಿ ಕೊಬ್ಬು ಮತ್ತು ಜೋಡಣಾ ಅಂಗಾಂಶ ತುಂಬಿಕೊಳ್ಳುತ್ತದೆ. ಇದು ಅಂಟುರೋಗವಲ್ಲ. ಮಾಂಸವನ್ನು ಬೇಯಿಸಿ ತಿನ್ನಬಹುದು. ಕೊಬ್ಬಿನಂಶ ಮಾತ್ರ ತುಸು ಹೆಚ್ಚಾಗಿರುತ್ತದೆ.

(ಆ) ಮರದಂತೆ ಗಟ್ಟಿಯಾದ ಎದೆ: ಎದೆ ಮಾಂಸವು ಒತ್ತಿದರೆ ಬಗ್ಗದಷ್ಟು ಗಟ್ಟಿಯಾಗಿರುತ್ತದೆ. ಈ ದೋಷವನ್ನು ಫಿನ್ಲೆಂಡ್ ದೇಶದ ಸಂಶೋಧಕರು 2014ರಲ್ಲಿ ವಿವರವಾಗಿ ದಾಖಲಿಸಿದರು. ಇದೂ ಸೋಂಕಲ್ಲ, ಆದರೆ ಮಾಂಸದ ಗುಣಮಟ್ಟ ಮತ್ತು ಬೆಲೆ ಕುಗ್ಗುತ್ತದೆ.

(ಇ) ಎದೆಯ ಒಳಸ್ನಾಯು ಹಸಿರಾಗುವುದು: ರೆಕ್ಕೆಯನ್ನು ಮೇಲೆತ್ತುವ ಒಳಸ್ನಾಯುವು ಮೂಳೆ ಮತ್ತು ಬಿಗಿಯಾದ ಪೊರೆಯ ನಡುವೆ ಇರುತ್ತದೆ. ಕೋಳಿಯು ಗಾಬರಿಯಿಂದ ಬಹಳವಾಗಿ ರೆಕ್ಕೆ ಬಡಿದಾಗ ಅದು ಊದಿಕೊಂಡು ರಕ್ತಸಂಚಾರ ನಿಂತು, ಸತ್ತು, ಕ್ರಮೇಣ ಹಸಿರು ಬಣ್ಣಕ್ಕೆ ತಿರುಗುತ್ತದೆ. ಕೋಳಿ ಹೊರನೋಟಕ್ಕೆ ಆರೋಗ್ಯವಾಗಿಯೇ ಕಾಣುತ್ತದೆ. ಹಾಳಾದ ಭಾಗವನ್ನು ತೆಗೆದುಹಾಕಿ ಉಳಿದುದನ್ನು ಬಳಸಬಹುದಾಗಿದೆ. ಶೆಡ್ಡಿನಲ್ಲಿ ಕೋಳಿಗಳನ್ನು ಅಟ್ಟಾಡಿಸುವುದನ್ನು ಹಾಗೂ ರೆಕ್ಕೆ ಹಿಡಿದು ಎತ್ತುವುದನ್ನು ನಿಲ್ಲಿಸಿದಲ್ಲಿ ಇದು ಕಡಿಮೆಯಾಗುತ್ತದೆ.

9. ಪಶುವೈದ್ಯರಿಗೆ ಕೂಡಲೇ ತಿಳಿಸಬೇಕಾದ ಸಂದರ್ಭಗಳು

(ಅ) ಪೋಷಕಾಂಶ ಕೊರತೆ: ಕೆಲವೇ ವಾರಗಳ ಮರಿಗಳಲ್ಲಿ ಎದೆ ಮತ್ತು ಕಾಲಿನ ಸ್ನಾಯುಗಳ ಮೇಲೆ ಬಿಳಿ ಪಟ್ಟಿಗಳು ಕಂಡು, ಮರಿಗಳು ನಿಶ್ಶಕ್ತವಾಗಿದ್ದಲ್ಲಿ ಅದು ‘ಇ’ ಜೀವಸತ್ವ ಮತ್ತು ಸೆಲೆನಿಯಂ ಕೊರತೆಯಾಗಿರಬಹುದು. ಹಳಸಿದ, ಕಮಟು ವಾಸನೆ ಬಂದ ಆಹಾರದಲ್ಲಿ ‘ಇ’ ಜೀವಸತ್ವ ನಾಶವಾಗಿರುತ್ತದೆ. ಮೇಲಿನ 8(ಅ)ರ ಗೆರೆಗಳು ಮಾರಾಟದ ತೂಕಕ್ಕೆ ಬಂದ ದಷ್ಟಪುಷ್ಟ ಕೋಳಿಗಳಲ್ಲಿ ಕಾಣುತ್ತವೆ. ಕೊರತೆಯ ಪಟ್ಟಿಗಳು ಸೊರಗಿದ ಎಳೆಯ ಮರಿಗಳಲ್ಲಿ ಕಾಣುತ್ತವೆ. ಈ ವ್ಯತ್ಯಾಸವನ್ನು ಸಾಕಾಣಿಕೆದಾರರು ನೆನಪಿನಲ್ಲಿಡತಕ್ಕದ್ದು.

(ಆ) ಔಷಧ ವಿಷಬಾಧೆ: ರಕ್ತಭೇದಿ (ಕಾಕ್ಸಿಡಿಯೋಸಿಸ್) ತಡೆಗಾಗಿ ಆಹಾರದಲ್ಲಿ ಬೆರೆಸುವ ಮೊನೆನ್ಸಿನ್, ಸಾಲಿನೋಮೈಸಿನ್ ಮುಂತಾದವು ಅಳತೆ ಮೀರಿದಲ್ಲಿ ಸ್ನಾಯುಗಳನ್ನು ಹಾಳು ಮಾಡುತ್ತವೆ. ಕೆಂಪು ತಂತುಗಳಿರುವ ಕಾಲಿನ ಸ್ನಾಯುಗಳಿಗೆ ಹೆಚ್ಚು ಬಾಧೆಯಾಗುವುದರಿಂದ ಕೋಳಿಗಳು ಕಾಲು ಚಾಚಿ ಮಲಗಿಬಿಡುತ್ತವೆ. ಟಯಾಮುಲಿನ್ ಎಂಬ ಔಷಧವನ್ನು ಇವುಗಳೊಂದಿಗೆ ನೀಡಿದಲ್ಲಿ ಸರಿಯಾದ ಅಳತೆಯೂ ವಿಷವಾಗುತ್ತದೆ. ಇಂತಹ ಕೋಳಿ ಆಹಾರವನ್ನು ಕುದುರೆಗಳಿಗೆ ಎಂದಿಗೂ ನೀಡಬಾರದು; ಅತ್ಯಲ್ಪ ಪ್ರಮಾಣವೂ ಪ್ರಾಣಾಂತಿಕವಾಗಿರುತ್ತದೆ. ದನಕರುಗಳಿಗೂ ಇದನ್ನು ಹಾಕಕೂಡದು.

(ಇ) ನರಸಂಬಂಧಿ ರೋಗ: ಒಂದು ಕಾಲು ಮುಂದಕ್ಕೂ ಇನ್ನೊಂದು ಹಿಂದಕ್ಕೂ ಚಾಚಿಕೊಂಡಿದ್ದಲ್ಲಿ ಮಾರೆಕ್ಸ್ ರೋಗವನ್ನು, ಕತ್ತು ತಿರುಚಿಕೊಂಡು ಹಸಿರು ಭೇದಿ ಇದ್ದಲ್ಲಿ ರಾಣಿಖೇತ್ (ಕೊಕ್ಕರೆ) ರೋಗವನ್ನು ಶಂಕಿಸಲಾಗುತ್ತದೆ. ಇವುಗಳಲ್ಲಿ ಮೂಲ ದೋಷವಿರುವುದು ನರಗಳಲ್ಲಿ, ಸ್ನಾಯುತಂತುಗಳಲ್ಲಲ್ಲ. ಇವೆರಡನ್ನೂ ಲಸಿಕೆಯಿಂದ ತಡೆಗಟ್ಟಬಹುದಾಗಿದೆ.

(ಈ) ಹಠಾತ್ ಸಾವು: ಒಂದೆರಡು ದಿನಗಳಲ್ಲಿ ಹಲವು ಕೋಳಿಗಳು ಸತ್ತಲ್ಲಿ, ಅಥವಾ ಜುಟ್ಟು ಮತ್ತು ಕಾಲುಗಳು ನೀಲಿಗಟ್ಟಿ ಸತ್ತಲ್ಲಿ, ಮಾಂಸದ ಬಣ್ಣ ಹೇಗೇ ಇರಲಿ, ಅವುಗಳನ್ನು ಕೊಯ್ಯಬಾರದು, ತಿನ್ನಬಾರದು, ಮಾರಬಾರದು. ಉಳಿದ ಕೋಳಿಗಳನ್ನು ಸಂತೆಗೆ ಸಾಗಿಸಬಾರದು. ಸಮೀಪದ ಪಶುವೈದ್ಯ ಸಂಸ್ಥೆಗೆ ಕೂಡಲೇ ವರದಿ ಮಾಡತಕ್ಕದ್ದು.

10. ಸಾಕಾಣಿಕೆದಾರರಿಗೆ ಸೂಚನೆಗಳು

1. ಮೊಟ್ಟೆಯಿಂದ ಹೊರಬಂದ ನಂತರದ ಮೊದಲ ವಾರದಲ್ಲಿ ಸ್ನಾಯು ಬೆಳವಣಿಗೆಗೆ ಕಾರಣವಾದ ಜೀವಕೋಶಗಳು ಅತಿ ವೇಗವಾಗಿ ವೃದ್ಧಿಯಾಗುತ್ತವೆ. ಈ ಅವಧಿಯಲ್ಲಿ ಮರಿಗಳು ಉಪವಾಸವಿದ್ದರೆ ಮುಂದೆ ಎದೆ ಮಾಂಸ ಕಡಿಮೆಯಾಗುತ್ತದೆ. ಮರಿಗಳು ಮನೆ ಮುಟ್ಟಿದ ಕೂಡಲೇ ನೀರು ಮತ್ತು ಆಹಾರ ಒದಗಿಸಬೇಕು.
2. ಮಲೆನಾಡಿನ ಮಳೆಗಾಲದಲ್ಲಿ ಗೋವಿನಜೋಳವು ಬೇಗ ತೇವ ಹಿಡಿಯುತ್ತದೆ. ತೇವಾಂಶವು ಶೇ. 12ಕ್ಕಿಂತ ಮೀರದಂತೆ ಒಣಗಿಸಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಇಡಬೇಕು. ಬೂಸಲು ಹಿಡಿದ ಜೋಳವನ್ನು ತೊಳೆದು ಒಣಗಿಸಿಯೂ ಬಳಸಬಾರದು.
3. ಆಹಾರದ ಚೀಲದ ಮೇಲಿನ ತಯಾರಿಕಾ ದಿನಾಂಕ ಮತ್ತು ಬೆರೆಸಿದ ಔಷಧಗಳ ವಿವರವನ್ನು ಪರಿಶೀಲಿಸಿ, ಚೀಟಿಯನ್ನು ಕೋಳಿಗಳು ಮಾರಾಟವಾಗುವವರೆಗೆ ಜೋಪಾನವಾಗಿಡಬೇಕು.
4. ಪಶುವೈದ್ಯರ ಸಲಹೆಯಿಲ್ಲದೆ ಎರಡು ಔಷಧಗಳನ್ನು ಒಟ್ಟಿಗೆ ನೀಡಬಾರದು.

11. ಗ್ರಾಹಕರಿಗೆ ಸೂಚನೆಗಳು

ಶಿರಾಳಕೊಪ್ಪ, ಆನವಟ್ಟಿ ಮುಂತಾದ ಊರುಗಳ ಅಂಗಡಿಗಳಲ್ಲಾಗಲೀ ತಾಲ್ಲೂಕು ಕೇಂದ್ರಗಳಲ್ಲಾಗಲೀ ನಾಟಿ ಕೋಳಿಗೆ ಹೆಚ್ಚು ಬೆಲೆ ಇರುವುದು ಎಲ್ಲರಿಗೂ ತಿಳಿದ ವಿಷಯ. ಮಾಂಸ ಕೆಂಪಾಗಿದೆ ಅಥವಾ ಗಟ್ಟಿಯಾಗಿದೆ ಎಂಬುದೊಂದೇ ನಾಟಿ ಕೋಳಿ ಎಂಬುದಕ್ಕೆ ಪುರಾವೆಯಲ್ಲ. ಮೊಟ್ಟೆಯಿಡುವ ಅವಧಿ ಮುಗಿದ ಫಾರಂ ಕೋಳಿಯ ಮಾಂಸವೂ ವಯಸ್ಸಿನ ಕಾರಣದಿಂದ ಕೆಂಪಾಗಿ, ಗಟ್ಟಿಯಾಗಿ ಇರುತ್ತದೆ. ಜೀವಂತ ಕೋಳಿಯನ್ನು ನೋಡಿ ಕೊಳ್ಳುವುದು ಸುರಕ್ಷಿತ ಕ್ರಮವಾಗಿರುತ್ತದೆ. ಮಾಂಸ ಮಾರಾಟಗಾರರು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರಡಿ ನೋಂದಣಿ ಅಥವಾ ಪರವಾನಗಿ ಹೊಂದಿರತಕ್ಕದ್ದು.

ಮಾಂಸದ ಒಳಭಾಗವು ಕನಿಷ್ಠ 74 ಡಿಗ್ರಿ ಸೆಲ್ಸಿಯಸ್ ಉಷ್ಣತೆ ತಲುಪುವವರೆಗೆ ಬೇಯಿಸಬೇಕು. ಕೂಡಲೇ ಅಡುಗೆ ಮಾಡದಿದ್ದಲ್ಲಿ 4 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಉಷ್ಣತೆಯಲ್ಲಿ ಇಡಬೇಕು.

12. ಮರಣೋತ್ತರ ಪರೀಕ್ಷೆ ಮತ್ತು ಮಾದರಿ ಪರೀಕ್ಷೆಗೆ ಅರ್ಜಿ ಸಲ್ಲಿಸುವ ವಿಧಾನ

ಕೋಳಿಗಳ ಸ್ನಾಯುವಿನಲ್ಲಿ ಅಸಹಜ ಬದಲಾವಣೆ ಅಥವಾ ಕಾರಣ ತಿಳಿಯದ ಸಾವು ಕಂಡುಬಂದಲ್ಲಿ ಸಮೀಪದ ಪಶು ಚಿಕಿತ್ಸಾಲಯ ಅಥವಾ ಶಿಕಾರಿಪುರ ಮತ್ತು ಸೊರಬದ ತಾಲ್ಲೂಕು ಪಶು ಆಸ್ಪತ್ರೆಯನ್ನು ಸಂಪರ್ಕಿಸಬಹುದಾಗಿದೆ. ಬಿಳಿ ಕಾಗದದ ಮೇಲೆ ಬರೆದ ಮನವಿಯಲ್ಲಿ ಈ ಕೆಳಕಂಡ ವಿವರಗಳಿದ್ದಲ್ಲಿ ಪರೀಕ್ಷೆಗೆ ಅನುಕೂಲವಾಗುತ್ತದೆ.

1. ಅರ್ಜಿದಾರರ ಹೆಸರು, ಗ್ರಾಮ ಮತ್ತು ದೂರವಾಣಿ ಸಂಖ್ಯೆ
2. ಕೋಳಿಗಳ ತಳಿ, ವಯಸ್ಸು ಮತ್ತು ಒಟ್ಟು ಸಂಖ್ಯೆ
3. ರೋಗಗ್ರಸ್ತವಾದ ಹಾಗೂ ಸತ್ತ ಕೋಳಿಗಳ ಸಂಖ್ಯೆ, ಲಕ್ಷಣ ಮೊದಲು ಕಂಡ ದಿನಾಂಕ
4. ನೀಡುತ್ತಿರುವ ಆಹಾರ, ನೀಡಿದ ಔಷಧ ಮತ್ತು ಲಸಿಕೆಗಳ ವಿವರ
5. ಆಹಾರದ ಚೀಲದ ಚೀಟಿ ಮತ್ತು ಸುಮಾರು ಅರ್ಧ ಕಿಲೋ ಆಹಾರದ ಮಾದರಿ

ಸತ್ತ ಕೋಳಿಯನ್ನು ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಬಿಗಿಯಾಗಿ ಕಟ್ಟಿ, ಮಂಜುಗಡ್ಡೆಯೊಂದಿಗೆ ಅದೇ ದಿನ ತಲುಪಿಸಬೇಕು. ಫ್ರೀಜರಿನಲ್ಲಿ ಗಡ್ಡೆಗಟ್ಟಿಸಬಾರದು, ಹಾಗೆ ಮಾಡಿದಲ್ಲಿ ಸ್ನಾಯುತಂತುಗಳು ಒಡೆದು ಸೂಕ್ಷ್ಮದರ್ಶಕ ಪರೀಕ್ಷೆ ಸಾಧ್ಯವಾಗುವುದಿಲ್ಲ. ಹಲವು ಕೋಳಿಗಳು ಹಠಾತ್ತನೆ ಸತ್ತಿದ್ದಲ್ಲಿ ತಾವಾಗಿಯೇ ಸಾಗಿಸದೆ, ಮೊದಲು ದೂರವಾಣಿಯ ಮೂಲಕ ತಿಳಿಸಿ ಪಶುವೈದ್ಯರ ಸೂಚನೆಯಂತೆ ನಡೆದುಕೊಳ್ಳಬೇಕು. ಅಗತ್ಯವೆಂದು ಕಂಡಲ್ಲಿ ಪಶುವೈದ್ಯಾಧಿಕಾರಿಗಳು ಮಾದರಿಗಳನ್ನು ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಬೆಂಗಳೂರಿನ ಹೆಬ್ಬಾಳದಲ್ಲಿ 1925ರಲ್ಲಿ ಸ್ಥಾಪನೆಯಾದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯು ರೋಗ ಪತ್ತೆ ಮತ್ತು ಲಸಿಕೆ ತಯಾರಿಕೆಯ ಕಾರ್ಯವನ್ನು ನಿರ್ವಹಿಸುತ್ತದೆ.

13. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಚೆನ್ನಾಗಿ ಬೇಯಿಸಿದರೂ ಮೂಳೆಯ ಸುತ್ತ ಕೆಂಪು ಅಥವಾ ಕಪ್ಪು ಉಳಿಯುತ್ತದೆ. ಇದು ಬೇಯದ ಮಾಂಸವೇ?
ಉತ್ತರ: ಎಳೆಯ ಕೋಳಿಯ ಮೂಳೆಗಳು ಪೂರ್ಣ ಬಲಿತಿರುವುದಿಲ್ಲ. ಮೂಳೆಯೊಳಗಿನ ಮಜ್ಜೆಯ ಬಣ್ಣವು ಹೊರಗೆ ಜಿನುಗುತ್ತದೆ. ಶೈತ್ಯೀಕರಿಸಿದ ಮಾಂಸದಲ್ಲಿ ಇದು ಹೆಚ್ಚು. ಒಳಭಾಗ ಸಾಕಷ್ಟು ಬೆಂದಿದ್ದಲ್ಲಿ ತಿನ್ನಲು ಅಡ್ಡಿಯಿಲ್ಲ.

ಪ್ರಶ್ನೆ: ಫಾರಂ ಕೋಳಿಯನ್ನು ಬಯಲಿಗೆ ಬಿಟ್ಟರೆ ಎದೆ ಮಾಂಸ ಕೆಂಪಾಗುತ್ತದೆಯೇ?
ಉತ್ತರ: ಇಲ್ಲ. ಓಡಾಟದಿಂದ ಕಾಲಿನ ಸ್ನಾಯುಗಳಲ್ಲಿ ತುಸು ಬದಲಾವಣೆ ಆಗಬಹುದು. ಎದೆಯ ತಂತುಗಳ ವಿಧವು ಹುಟ್ಟಿನಿಂದ ಬಂದುದಾಗಿದ್ದು, ಕೆಲವು ವಾರಗಳ ಓಡಾಟದಿಂದ ಬದಲಾಗುವುದಿಲ್ಲ.

ಪ್ರಶ್ನೆ: ಕೋಳಿ ಬೇಗ ಬೆಳೆಯಲು ಚುಚ್ಚುಮದ್ದು ನೀಡುವುದರಿಂದ ಬಿಳಿ ಗೆರೆಗಳು ಬರುತ್ತವೆಯೇ?
ಉತ್ತರ: ಬಿಳಿ ಗೆರೆಗಳಿಗೆ ಕಾರಣವು ತಳಿಯ ವೇಗದ ಬೆಳವಣಿಗೆ ಮತ್ತು ಹೆಚ್ಚಿದ ತೂಕ. ಈ ಬೆಳವಣಿಗೆಯು ಹಲವು ದಶಕಗಳ ತಳಿ ಆಯ್ಕೆ ಮತ್ತು ಆಹಾರ ಸುಧಾರಣೆಯ ಫಲವಾಗಿರುತ್ತದೆ.

ಪ್ರಶ್ನೆ: ಮಂಗನ ಕಾಯಿಲೆಗೂ ಕೋಳಿ ಮಾಂಸದ ಬಣ್ಣಕ್ಕೂ ಸಂಬಂಧವಿದೆಯೇ?
ಉತ್ತರ: ಇಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲಿಗೆ ಗುರುತಿಸಲಾದ ಈ ರೋಗವು ಮನುಷ್ಯರಿಗೆ ಮುಖ್ಯವಾಗಿ ಸೋಂಕಿತ ಉಣುಗುಗಳ ಕಡಿತದಿಂದ ಬರುತ್ತದೆ. ಕಾಡಿಗೆ ಹೋಗುವವರು ಉಣುಗು ಕಚ್ಚದಂತೆ ಎಚ್ಚರ ವಹಿಸತಕ್ಕದ್ದು.

ಪ್ರಶ್ನೆ: ಪರೀಕ್ಷೆಯ ನಂತರ ಸತ್ತ ಕೋಳಿಗಳನ್ನು ಏನು ಮಾಡಬೇಕು?
ಉತ್ತರ: ಕೆರೆ, ಹಳ್ಳ ಮತ್ತು ಬಾವಿಗಳಿಂದ ದೂರದಲ್ಲಿ ಆಳವಾದ ಗುಂಡಿ ತೆಗೆದು, ಸುಣ್ಣ ಹಾಕಿ ಹೂಳಬೇಕು. ರಸ್ತೆ ಬದಿಯಲ್ಲಿ ಅಥವಾ ನೀರಿನಲ್ಲಿ ಎಸೆಯಬಾರದು.

14. ಸಂಪರ್ಕಿಸಬೇಕಾದ ಅಧಿಕಾರಿಗಳು

ಗ್ರಾಮ ಮಟ್ಟದಲ್ಲಿ: ಸಮೀಪದ ಪಶು ಚಿಕಿತ್ಸಾಲಯದ ಪಶುವೈದ್ಯಾಧಿಕಾರಿಗಳು
ತಾಲ್ಲೂಕು ಮಟ್ಟದಲ್ಲಿ: ಸಹಾಯಕ ನಿರ್ದೇಶಕರು, ಪಶು ಆಸ್ಪತ್ರೆ, ಶಿಕಾರಿಪುರ / ಸೊರಬ
ಜಿಲ್ಲಾ ಮಟ್ಟದಲ್ಲಿ: ಉಪ ನಿರ್ದೇಶಕರು, ಪಶುಪಾಲನಾ ಮತ್ತು ಪಶುವೈದ್ಯಕೀಯ ಸೇವಾ ಇಲಾಖೆ, ಶಿವಮೊಗ್ಗ
ಸಂಚಾರಿ ಪಶು ಚಿಕಿತ್ಸಾ ಸಹಾಯವಾಣಿ: 1962

ಅರ್ಜಿ ಸಲ್ಲಿಸಿದ ನಂತರ ಸ್ವೀಕೃತಿಯನ್ನೂ, ಶುಲ್ಕ ಪಾವತಿಸಿದ್ದಲ್ಲಿ ಅಧಿಕೃತ ರಸೀದಿಯನ್ನೂ ತಪ್ಪದೇ ಪಡೆಯತಕ್ಕದ್ದು.